ಕಾಚಿಗೂಡದ ಬೈಕ್ ಹುಡುಗರಿಗೆ ಕಾಕಾನ ಕಿವಿಮಾತು

ಯಶವಂತಪುರದ ವಂದೇ ಭಾರತ್ ಹೈದರಾಬಾದಿನ ಕಾಚಿಗೂಡಕ್ಕೆ ಬರುವುದು ರಾತ್ರಿ ಹನ್ನೊಂದರ ಸುಮಾರಿಗೆ. ಮೈಸೂರು, ಬೆಂಗಳೂರು ಕಡೆಯಿಂದ ಹೊರಟ ರಾತ್ರಿ ಗಾಡಿ ಬರುವುದು ಬೆಳಗಿನ ಜಾವ. ಈ ಎರಡರ ನಡುವೆ, ನಿಜಾಮರ ಕಾಲದಲ್ಲಿ 1916ರಲ್ಲಿ ಕಟ್ಟಿದ ಸ್ಟೇಷನ್ನಿನ ಗುಮ್ಮಟದ ಎದುರು, ಬೈಕಿನ ಸೀಟಿನ ಮೇಲೆ ಅಂಗಾತ ಮಲಗಿ ಹ್ಯಾಂಡಲ್ ಮೇಲೆ ಕಾಲು ಚಾಚಿದ ಬೈಕ್ ಟ್ಯಾಕ್ಸಿ ಹುಡುಗರನ್ನು ದಿನಾ ನೋಡುತ್ತೇನೆ. ಎದೆಯ ಮೇಲೆ ಫೋನು. ಅದು ಸದ್ದು ಮಾಡಿದರೆ ಸಾಕು, ಕಣ್ಣು ಬಿಡುವ ಮೊದಲೇ ಬೆರಳು ಪರದೆ ಒತ್ತಿರುತ್ತದೆ.

ಅವರಲ್ಲಿ ನಮ್ಮ ಯಾದಗಿರಿ, ರಾಯಚೂರು, ಬೀದರ್ ಕಡೆಯವರೂ ಇದ್ದಾರೆ. 2025ರ ಜೂನ್ 16ರಿಂದ ಕರ್ನಾಟಕದಲ್ಲಿ ಬೈಕ್ ಟ್ಯಾಕ್ಸಿ ನಿಂತಾಗ ಬೆಂಗಳೂರು ಬಿಟ್ಟು ಬಂದ ಇಬ್ಬರಿದ್ದಾರೆ. ನಾನೂ ಶಹಾಪುರ ಕಡೆಯವನೇ. ಈ ಹೈದರಾಬಾದಿನಲ್ಲಿ ಮೂವತ್ತೊಂದು ವರ್ಷ ಬಸ್ಸು ಓಡಿಸಿದೆ, ಮಕ್ಕಳನ್ನು ಇಲ್ಲಿನ ನೃಪತುಂಗ ಶಾಲೆಗೆ ಹಾಕಿದೆ. ಈಗ ಸಂಜೆ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಏನಾದರೂ ಕಾರ್ಯಕ್ರಮ ಇದ್ದರೆ ಹೋಗಿ, ಬರುವಾಗ ಚೌರಸ್ತಾದಲ್ಲಿ ಈ ಹುಡುಗರ ಜೊತೆ ನಿಂತು ಚಾ ಕುಡಿಯುತ್ತೇನೆ. ಅವರಿಗೆ ನಾನು ಕಾಕಾ.

ಹೋದ ತಿಂಗಳು ನಮ್ಮ ಓಣಿಯ ಹುಡುಗನೊಬ್ಬ ಚಾದರ್‌ಘಾಟ್ ಸೇತುವೆಯ ಮೇಲೆ ಗಾಡಿ ಓಡಿಸುತ್ತಲೇ ತೂಕಡಿಸಿ ಡಿವೈಡರಿಗೆ ಹೊಡೆದ. ಕಾಲರ್ ಬೋನ್ ಮುರಿಯಿತು. ಪುಣ್ಯಕ್ಕೆ ಹಿಂದೆ ಯಾರೂ ಕೂತಿರಲಿಲ್ಲ. ನೋಡಲು ಹೋದಾಗ ಅವನು ಹೇಳಿದ ಮೊದಲ ಮಾತು: “ಕಾಕಾ, ಇನ್ನ ಎರಡ ಟ್ರಿಪ್ ಹೊಡದಿದ್ರ ಇನ್ಸೆಂಟಿವ್ ಬರ್ತಿತ್ತು.” ಆ ಮಾತಿನ ಮೇಲೆ ನಾಲ್ಕು ದಿನ ಯೋಚನೆ ಮಾಡಿದೆ. ನಿದ್ದೆ ಬೇಕು, ಹೆಲ್ಮೆಟ್ ಹಾಕಬೇಕು ಅನ್ನುವುದು ಇವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ದಿನದ ಲೆಕ್ಕದಲ್ಲಿ ಅದಕ್ಕೆ ಜಾಗ ಇಲ್ಲ, ಅಷ್ಟೆ. ಹಾಗಾಗಿ ನಿಮ್ಮ ಲೆಕ್ಕಕ್ಕೆ ಹೊಂದುವಷ್ಟನ್ನೇ ಇಲ್ಲಿ ಬರೆದಿದ್ದೇನೆ. ಮಡಚಿ ಜೇಬಿನಲ್ಲಿ ಇಟ್ಟುಕೊಳ್ಳಿ.

• ಹನ್ನೊಂದರ ಗಾಡಿ, ಇಲ್ಲವೇ ಜಾವದ ಗಾಡಿ. ಎರಡರಲ್ಲಿ ಒಂದನ್ನು ಮಾತ್ರ ಹಿಡಿಯಿರಿ. ಎರಡನ್ನೂ ಹಿಡಿಯಹೋದವನಿಗೆ ಸಿಗುವುದು ಸೀಟಿನ ಮೇಲಿನ ಎರಡು ತಾಸಿನ ಅರೆನಿದ್ದೆ. ಒಂದೇ ರೂಮಿನಲ್ಲಿ ನಾಲ್ಕೈದು ಜನ ಇದ್ದೀರಲ್ಲ, ಪಾಳಿ ಮಾಡಿಕೊಳ್ಳಿ. ಈ ವಾರ ಇಬ್ಬರು ರಾತ್ರಿ, ಉಳಿದವರು ಬೆಳಗಿನ ಜಾವ. ನಾನು ಡ್ಯೂಟಿಯಲ್ಲಿದ್ದಾಗ ನೈಟ್ ಮಾಡಿದವನಿಗೆ ಮರುದಿನ ಬೆಳಗಿನ ಬಸ್ಸು ಕೊಡುತ್ತಿರಲಿಲ್ಲ. ನಿಮಗೆ ಹಾಗೆ ತಡೆಯುವವರು ಯಾರೂ ಇಲ್ಲ. ಫೋನು ಇಪ್ಪತ್ತನಾಲ್ಕು ತಾಸೂ ಬುಕ್ಕಿಂಗ್ ಕೊಡುತ್ತಲೇ ಇರುತ್ತದೆ, ಬೇಡ ಅನ್ನಬೇಕಾದವರು ನೀವೇ.

ಒಂದು ಲೆಕ್ಕ ಕೇಳಿ. ಹದಿನೇಳು ತಾಸು ಎಚ್ಚರವಿದ್ದವನ ಕೈ, ಕಣ್ಣು, ಬುದ್ಧಿ ಎಷ್ಟು ನಿಧಾನವಾಗುತ್ತವೆ ಎಂದು ಪರೀಕ್ಷೆ ಮಾಡಿ ನೋಡಿದ್ದಾರೆ. 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇರುವವನ ಹಾಗೆ ಆಗುತ್ತವಂತೆ. ನಮ್ಮ ಕಾನೂನು ಒಪ್ಪುವ ಮಿತಿ 30 ಮಿಲಿಗ್ರಾಂ. ಬೆಳಿಗ್ಗೆ ಆರಕ್ಕೆ ಎದ್ದು ರಾತ್ರಿ ಹನ್ನೊಂದರ ಗಾಡಿಗೆ ನಿಂತವನು ಒಂದು ಹನಿ ಕುಡಿಯದೆಯೂ ಕುಡಿದವನ ಕೈಯಲ್ಲೇ ಹ್ಯಾಂಡಲ್ ಹಿಡಿದಿರುತ್ತಾನೆ. ಪೊಲೀಸರ ಯಂತ್ರಕ್ಕೆ ಊದಿದರೆ ಏನೂ ತೋರಿಸುವುದಿಲ್ಲ.

• ನಿದ್ದೆ ಬರುವ ಮೊದಲು ಅದರ ಗುರುತು ಬರುತ್ತದೆ. ಹೋದ ಸಿಗ್ನಲ್ ಯಾವಾಗ ದಾಟಿದೆ ಎಂದು ನೆನಪಾಗದಿದ್ದರೆ, ಕಣ್ಣ ರೆಪ್ಪೆ ಭಾರವಾದರೆ, ಗಾಡಿ ತಾನಾಗಿ ಒಂದು ಕಡೆ ಸರಿದರೆ, ಅಲ್ಲೇ ನಿಲ್ಲಿಸಿ. ಚಾ ಕುಡಿದರೆ, ಮುಖಕ್ಕೆ ನೀರು ಹೊಡೆದುಕೊಂಡರೆ ಸ್ವಲ್ಪ ಹೊತ್ತು ನಡೆಯುತ್ತದೆ, ಅಷ್ಟೇ. ಫೋನು ಆಫ್‌ಲೈನ್ ಮಾಡಿ ಇಪ್ಪತ್ತು ನಿಮಿಷ ಮಲಗಿ. ಬೆಳಗಿನ ಜಾವ ಎರಡರಿಂದ ಐದು, ಮಧ್ಯಾಹ್ನ ಊಟವಾದ ಮೇಲೆ ಎರಡರಿಂದ ನಾಲ್ಕು, ಈ ಹೊತ್ತಿನಲ್ಲಿ ದೇಹ ತಾನೇ ನಿದ್ದೆ ಕೇಳುತ್ತದೆ. ಮಧ್ಯಾಹ್ನ ಹೇಗೂ ಬುಕ್ಕಿಂಗ್ ಕಡಿಮೆ. ಆಗಲೇ ಮಲಗಿಬಿಡಿ.

• ಹೆಲ್ಮೆಟ್ ತಲೆಯ ಮೇಲಿದ್ದರೆ ಸಾಲದು, ಗದ್ದದ ಕೆಳಗೆ ಪಟ್ಟಿ ಬಿಗಿಯಾಗಿರಬೇಕು. ಪಟ್ಟಿಯೊಳಗೆ ಎರಡು ಬೆರಳು ತೂರಬೇಕು, ಮೂರನೆಯದು ತೂರಬಾರದು. ಪಟ್ಟಿ ಹಾಕದ ಹೆಲ್ಮೆಟ್ ಬಿದ್ದ ಕ್ಷಣದಲ್ಲಿ ತಲೆ ಬಿಟ್ಟು ಮೊದಲು ಹಾರಿಹೋಗುತ್ತದೆ. ಬಸ್ಸಿನ ಗಾಜಿನಿಂದ ಅದನ್ನು ನಾನೇ ನೋಡಿದ್ದೇನೆ: ಹೆಲ್ಮೆಟ್ ರಸ್ತೆಯಲ್ಲಿ ಉರುಳಿಕೊಂಡು ಒಂದು ಕಡೆ, ಹುಡುಗ ಒಂದು ಕಡೆ.

ಫುಟ್‌ಪಾತಿನಲ್ಲಿ ಸಿಗುವ ಟೋಪಿಯಂಥ ಅರ್ಧ ಹೆಲ್ಮೆಟ್ ಕೊಳ್ಳಬೇಡಿ, ದವಡೆ ಪೂರ್ತಿ ಬಯಲಾಗಿರುತ್ತದೆ. ಐಎಸ್‌ಐ ಗುರುತು, ಅದರ ಮೇಲೆ ಐಎಸ್ 4151 ಎಂಬ ಸಂಖ್ಯೆ ಇರುವುದನ್ನೇ ಕೇಳಿ. 2021ರ ಜೂನ್‌ನಿಂದ ಈ ಗುರುತಿಲ್ಲದ ಹೆಲ್ಮೆಟ್ ಮಾರುವುದೇ ತಪ್ಪು. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಥರ್ಮೋಕೋಲ್ ಒತ್ತಿಹೋಗಿರುತ್ತದೆ. ಅದು ಇನ್ನೊಂದು ಪೆಟ್ಟು ತಡೆಯುವುದಿಲ್ಲ. ಪ್ರಪಂಚದ ಬೇರೆ ಬೇರೆ ಕಡೆಯ ಅಧ್ಯಯನಗಳನ್ನು ಕೂಡಿಸಿ ನೋಡಿದವರು, ಹೆಲ್ಮೆಟ್ ಹಾಕಿದವನಿಗೆ ಸಾವಿನ ಅಪಾಯ 42, ತಲೆಗೆ ಗಾಯವಾಗುವ ಅಪಾಯ 69 ಪ್ರತಿಶತ ಕಡಿಮೆ ಎಂದು ಹೇಳಿದ್ದಾರೆ.

• ಹಿಂದೆ ಕೂತವರದ್ದೂ ತಲೆಯೇ. 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಜನ. ಅದರಲ್ಲಿ 14,337 ಮಂದಿ ಹಿಂದೆ ಕೂತವರು. ಇದು ಕೇಂದ್ರ ಸಾರಿಗೆ ಸಚಿವಾಲಯವೇ ಕೊಟ್ಟ ಲೆಕ್ಕ. ಎರಡನೇ ಹೆಲ್ಮೆಟ್ ಕೊಟ್ಟರೆ ಜನ ಮೂಗು ಮುರಿಯುತ್ತಾರೆ ಅನ್ನುತ್ತೀರಿ, ನಿಜ. ಬೇರೆಯವರ ಬೆವರಿನ ವಾಸನೆ ಯಾರಿಗೆ ಬೇಕು? ಅದಕ್ಕೊಂದು ದಾರಿ ಇದೆ. ಪಾರ್ಲರಿನವರು ತಲೆಗೆ ಹಾಕುವ ತೆಳುವಾದ ಟೋಪಿ ಬೇಗಂಬಜಾರಿನಲ್ಲಿ ಕಟ್ಟುಗಟ್ಟಲೆ ಅಗ್ಗಕ್ಕೆ ಸಿಗುತ್ತದೆ. ಒಂದು ಟೋಪಿ, ಅದರ ಮೇಲೆ ಹೆಲ್ಮೆಟ್. ಹೀಗೆ ಕೊಡುವ ಒಬ್ಬ ಹುಡುಗ ನಮ್ಮಲ್ಲಿದ್ದಾನೆ, ಅವನಿಗೆ ಬೇಡ ಅಂದವರು ಕಡಿಮೆ. ವಾರಕ್ಕೊಮ್ಮೆ ಒಳಗಿನ ಬಟ್ಟೆ ಬಿಚ್ಚಿ ತೊಳೆದು ಬಿಸಿಲಿಗೆ ಹಾಕಿ. ಹುಳುಕಡ್ಡಿ, ಹೊಟ್ಟು ಆಗುವುದೂ ಕಡಿಮೆಯಾಗುತ್ತದೆ.

• ಇನ್ನು ನಾನು ಎಲ್ಲಕ್ಕಿಂತ ಚೆನ್ನಾಗಿ ಬಲ್ಲ ಮಾತು: ಬಸ್ಸಿನ ಎಡಮಗ್ಗುಲಿಗೆ ಹೋಗಬೇಡಿ.

ನಮ್ಮ ದೇಶದ ಬಸ್ಸಿನಲ್ಲಿ ಡ್ರೈವರ್ ಕೂರುವುದು ಬಲಗಡೆ, ಎತ್ತರದಲ್ಲಿ. ಎಡಗಡೆ ಮುಂದಿನ ಮೂಲೆಯಲ್ಲಿ ನಿಂತ ಬೈಕು ಅವನಿಗೆ ಕಾಣುವುದಿಲ್ಲ. ಬಾಗಿಲ ಹತ್ತಿರ ಜನ ನೇತಾಡುತ್ತಿದ್ದರೆ ಎಡಗಡೆಯ ಕನ್ನಡಿಯೂ ಮುಚ್ಚಿಹೋಗುತ್ತದೆ. ಮುಂದಿನ ಗಾಜಿಗೆ ಅಂಟಿದ ಹಾಗೆ ನಿಂತರೂ ಅಷ್ಟೇ, ನಿಮ್ಮ ಹೆಲ್ಮೆಟ್ ಅವನ ಕಣ್ಣಿಗಿಂತ ಕೆಳಗಿರುತ್ತದೆ. ಬಸ್ಸು ಎಡಕ್ಕೆ ತಿರುಗುವಾಗ ಹಿಂದಿನ ಗಾಲಿ ಮುಂದಿನ ಗಾಲಿಯ ಜಾಡಿನಲ್ಲಿ ಬರುವುದಿಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತದೆ. ಮುಂದಿನ ಗಾಲಿ ದಾಟಿತು, ಜಾಗ ಇದೆ ಎಂದು ಬೈಕು ನುಗ್ಗಿಸಿದವನು ಫುಟ್‌ಪಾತಿಗೂ ಹಿಂದಿನ ಗಾಲಿಗೂ ನಡುವೆ ಸಿಕ್ಕಿಬೀಳುವುದು ಹೀಗೆ.

ಕೋಠಿಯಲ್ಲಿ ಒಂದು ಸಂಜೆ ನನ್ನ ಬಸ್ಸಿಗೇ ಹಾಗಾಯಿತು. ಸಿಗ್ನಲ್ ಬಿಟ್ಟಿತು, ಎಡಕ್ಕೆ ತಿರುವಿದೆ. ಕಂಡಕ್ಟರ್ “ಆಪು, ಆಪು” ಎಂದು ಕೂಗಿ ಸೀಟಿ ಊದಿದ. ಬ್ರೇಕ್ ಒತ್ತುವಷ್ಟರಲ್ಲಿ ಎಡಗಡೆ ತಗಡು ಕೆರೆದ ಸದ್ದು. ಇಳಿದು ನೋಡಿದರೆ ಹತ್ತೊಂಬತ್ತು ಇಪ್ಪತ್ತರ ಹುಡುಗ, ಗಾಡಿಯ ಕೆಳಗೆ ಕಾಲು. ಜೀವ ಉಳಿಯಿತು, ಎಡಗಾಲಿನ ಮೂರು ಬೆರಳು ಹೋದವು. ಅವನು ನುಗ್ಗಿದ್ದು ತಪ್ಪು ಎಂದು ಎಲ್ಲರೂ ನನಗೆ ಸಮಾಧಾನ ಹೇಳಿದರು. ತಿರುವುವ ಮೊದಲು ಇನ್ನೊಮ್ಮೆ ಬಗ್ಗಿ ಕನ್ನಡಿ ನೋಡಬೇಕಿತ್ತು ಎಂದು ನನಗೆ ಇವತ್ತಿಗೂ ಅನಿಸುತ್ತದೆ. ಆದ್ದರಿಂದ ಈ ಗುರುತು ಇಟ್ಟುಕೊಳ್ಳಿ: ಬಸ್ಸಿನ ಕನ್ನಡಿಯಲ್ಲಿ ಡ್ರೈವರಿನ ಮುಖ ನಿಮಗೆ ಕಾಣದಿದ್ದರೆ ನೀವು ಅವನಿಗೆ ಕಾಣುತ್ತಿಲ್ಲ. ಹಿಂದೆ ನಿಲ್ಲಿ. ಬಸ್ಸು ಹೋಗಲು ಹಿಡಿಯುವುದು ಅರ್ಧ ನಿಮಿಷ.

• 40 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಬಂದ ಬುಕ್ಕಿಂಗ್ ಎಲ್ಲಿಯದು, ಎಷ್ಟು ರೂಪಾಯಿ ಎಂದು ಓದಲು ಎರಡು ಸೆಕೆಂಡ್ ಬೇಕು. ಅಷ್ಟರಲ್ಲಿ 22 ಮೀಟರ್, ಎರಡು ಬಸ್ಸಿನ ಉದ್ದ, ಕಣ್ಣು ಮುಚ್ಚಿಕೊಂಡು ಓಡಿಸಿದ ಹಾಗೆ. ಬುಕ್ಕಿಂಗ್ ಬೇರೆಯವನಿಗೆ ಹೋಗುತ್ತದೆ ಎಂಬ ಆತುರ ನನಗೆ ಅರ್ಥವಾಗುತ್ತದೆ. ಡ್ರಾಪ್ ಮುಗಿಯುವ ತನಕ ಹೊಸ ಬುಕ್ಕಿಂಗ್ ಸದ್ದು ಬಾರದ ಹಾಗೆ ಮಾಡಿಕೊಳ್ಳಬಹುದಾದರೆ ಮಾಡಿಕೊಳ್ಳಿ. ಆಗದಿದ್ದರೆ ಎಡಕ್ಕೆ ತಂದು, ಕಾಲೂರಿ, ಆಮೇಲೆ ಒತ್ತಿ. ದಾರಿ ಹೇಳುವ ಧ್ವನಿಗೆ ಒಂದು ಕಿವಿಯಲ್ಲಿ ಮಾತ್ರ ಇಯರ್‌ಫೋನ್ ಇರಲಿ, ಇನ್ನೊಂದು ಕಿವಿ ರಸ್ತೆಗೆ ಬೇಕು. ಫೋನನ್ನು ಹೆಲ್ಮೆಟ್ ಸಂದಿಯಲ್ಲಿ ತುರುಕಿ ಮಾತಾಡುವವನನ್ನು ನೋಡಿದರೆ ನನಗೆ ಕೈ ನಡುಗುತ್ತದೆ.

• “ಮುಂದಿನ ಬ್ರೇಕ್ ಹಿಡಿದರೆ ಗಾಡಿ ಪಲ್ಟಿ ಆಗ್ತದ” ಎಂದು ಯಾರೋ ಹೇಳಿಕೊಟ್ಟಿದ್ದನ್ನು ಇನ್ನೂ ನಂಬಿಕೊಂಡು ಬರೀ ಕಾಲಿನ ಬ್ರೇಕ್ ಒತ್ತುವವರು ಬಹಳ. ಗಾಡಿ ನಿಲ್ಲುವಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಹಿಂದಿನ ಗಾಲಿ ಹಗುರಾಗಿ ಜಾರುತ್ತದೆ. ನಿಜವಾಗಿ ನಿಲ್ಲಿಸುವುದು ಮುಂದಿನ ಬ್ರೇಕು. ಎರಡನ್ನೂ ಒಟ್ಟಿಗೆ ಹಿಡಿಯಿರಿ, ಮುಂದಿನದನ್ನು ನಿಂಬೆಹಣ್ಣು ಹಿಂಡಿದ ಹಾಗೆ ಮೆಲ್ಲಗೆ ಬಿಗಿಮಾಡುತ್ತಾ ಹೋಗಿ. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾದ ಜಾಗ ನಾಲ್ಕರಷ್ಟು. ಹಿಂದೆ ಒಬ್ಬರು ಕೂತರೆ ಒಬ್ಬರೇ ಇದ್ದಾಗ ಹಿಡಿಯುವುದಕ್ಕಿಂತ ಮೊದಲೇ ಹಿಡಿಯಬೇಕು. ಭಾನುವಾರ ಬೆಳಿಗ್ಗೆ ಖಾಲಿ ಮೈದಾನದಲ್ಲಿ ಗೆಳೆಯನನ್ನು ಕೂರಿಸಿಕೊಂಡು ಹತ್ತು ಸಲ ಅಭ್ಯಾಸ ಮಾಡಿ.

• ಯೂ-ಟರ್ನ್ ದೂರ ಇದೆ ಎಂದು ರಾಂಗ್ ರೂಟಿನಲ್ಲಿ ಬರಬೇಡಿ. ಈ ಊರಲ್ಲಿ ಎಷ್ಟೋ ಚೌರಸ್ತಾ ಮುಚ್ಚಿ ಯೂ-ಟರ್ನ್ ಮಾಡಿದ್ದಾರೆ, ಸುತ್ತು ಜಾಸ್ತಿಯಾಗಿದೆ. ಪೆಟ್ರೋಲ್ ನಿಮ್ಮದು, ಅದೂ ಗೊತ್ತು. ಆದರೆ ಎದುರಿನಿಂದ ಬರುವವನು ನಿಮ್ಮ ಕಡೆ ನೋಡುತ್ತಲೇ ಇರುವುದಿಲ್ಲ. ನಾರಾಯಣಗುಡ, ಮಲಕ್‌ಪೇಟೆ ಕಡೆ ಮೆಟ್ರೋ ಕಂಬಗಳ ಹಿಂದಿನಿಂದ ಜನ ಒಮ್ಮೆಲೇ ರಸ್ತೆಗೆ ಇಳಿಯುತ್ತಾರೆ. ಅವರು ನೋಡುವುದೂ ಒಂದೇ ಕಡೆ.

• ನೀರು ಕುಡಿಯಿರಿ. ಮೂತ್ರ ಬರುತ್ತದೆ ಎಂದು ನೀರು ಬಿಡುವ ಚಾಳಿ ನಮ್ಮ ಡ್ರೈವರ್ ಜಾತಿಗೇ ಅಂಟಿದ ರೋಗ. ನನ್ನ ಜೊತೆಯ ಎಷ್ಟು ಜನ ಕಿಡ್ನಿಯಲ್ಲಿ ಕಲ್ಲು ಮಾಡಿಕೊಂಡು ರಸ್ತೆಯಲ್ಲೇ ಒದ್ದಾಡಿದ್ದಾರೋ ಲೆಕ್ಕವಿಲ್ಲ. ಮೂತ್ರದ ಬಣ್ಣ ನೋಡಿಕೊಳ್ಳಿ: ತಿಳಿ ಹುಲ್ಲಿನ ಬಣ್ಣ ಸರಿ, ಚಾದ ಡಿಕಾಕ್ಷನ್ ಬಣ್ಣಕ್ಕೆ ಬಂದರೆ ಆ ಕ್ಷಣವೇ ಎರಡು ಗ್ಲಾಸು ನೀರು. ಒಂದು ಲೀಟರ್ ಬಾಟಲಿ ಗಾಡಿಯಲ್ಲಿರಲಿ, ಮಧ್ಯಾಹ್ನಕ್ಕೆ ಮೊದಲು ಒಂದು ಸಲ, ಸಂಜೆಗೆ ಮೊದಲು ಒಂದು ಸಲ ಖಾಲಿ ಆಗಲಿ. ಬೇಸಿಗೆಯಲ್ಲಿ ಅದರ ದುಪ್ಪಟ್ಟು.

ಎಲ್ಲಿ ಹೋಗುವುದು? ಪೆಟ್ರೋಲ್ ಬಂಕಿನ ಶೌಚಾಲಯ ಸಾರ್ವಜನಿಕರಿಗೆ ಪುಕ್ಕಟೆ, ಟೈರಿಗೆ ಗಾಳಿಯೂ ಪುಕ್ಕಟೆ. ಸಂಕೋಚವಿಲ್ಲದೆ ಕೇಳಿ. ಮೆಟ್ರೋ ಸ್ಟೇಷನ್ನುಗಳಿವೆ, ನಮ್ಮ ರೈಲ್ವೆ ಸ್ಟೇಷನ್ ಇದೆ. ಈ ಕೆಲಸಕ್ಕೆ ಹೆಣ್ಣುಮಕ್ಕಳೂ ಬರುತ್ತಿದ್ದಾರೆ. ಅವರು ಬೆಳಗಿನಿಂದ ನೀರೇ ಕುಡಿಯದೆ ಓಡಿಸುತ್ತಾರೆ ಎಂದು ಕೇಳಿ ನನಗೆ ಸಂಕಟವಾಯಿತು. ತಂಗೀ, ಯಾವ ಬಂಕು ಚೊಕ್ಕಟವಾಗಿದೆ, ಯಾವ ಹೊತ್ತಿಗೆ ಬೀಗ ಹಾಕುತ್ತಾರೆ ಎಂಬುದನ್ನು ನಿಮ್ಮ ನಿಮ್ಮಲ್ಲೇ ಹಂಚಿಕೊಳ್ಳಿ. ಮೂತ್ರ ಕಟ್ಟಿದರೆ ಸೋಂಕು, ಉರಿ ಬರಬಹುದು.

• ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಒಂದು ಲೀಟರ್ ಕುಡಿಯುವ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಚಮಚದ ಅಂಚಿಗೆ ಸಮವಾಗಿ. ಮನೆಯಲ್ಲೇ ಓಆರ್‌ಎಸ್ ಆಯಿತು. ಶುಗರ್ ಇದ್ದವರು ಡಾಕ್ಟರನ್ನು ಕೇಳಿ ಕುಡಿಯಿರಿ. ಯಾರಾದರೂ ಬಿಸಿಲಲ್ಲಿ ಮಾತು ತೊದಲಿದರೆ, ಗೊಂದಲಪಟ್ಟರೆ, ಮೈ ಕೆಂಡವಾಗಿದ್ದರೆ ಅದು ಬರೀ ಸುಸ್ತಲ್ಲ. ನೆರಳಿಗೆ ತಂದು ಮೈಮೇಲೆ ನೀರು ಸುರಿಯಿರಿ, ಗಾಳಿ ಹಾಕಿ, 108ಕ್ಕೆ ಫೋನು ಮಾಡಿ.

• ಇರಾನಿ ಚಾ ಬಿಡಿ ಎಂದು ಹೈದರಾಬಾದಿನಲ್ಲಿ ಕೂತು ನಾನು ಹೇಳಲಾರೆ. ಎಷ್ಟು ಕಪ್ಪು ಎಂದು ಎಣಿಸಿರಿ. ಕಪ್ಪಿಗೆ ಎರಡು ಚಮಚ ಸಕ್ಕರೆ ಅಂದರೂ ಸುಮಾರು ಹತ್ತು ಗ್ರಾಂ. ದಿನಕ್ಕೆ ಎಂಟು ಕಪ್ಪಿಗೆ 80 ಗ್ರಾಂ. ದೊಡ್ಡವರಿಗೆ ದಿನಕ್ಕೆ 50 ಗ್ರಾಂ ಸಕ್ಕರೆ ದಾಟಬಾರದು, 25ರೊಳಗಿದ್ದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಊಟದ ಬದಲಿಗೆ ಚಾ, ಸಮೋಸ ಆಗಬಾರದು. ಊರಿಂದ ಬರುವಾಗ ಅವ್ವ ಕಟ್ಟಿಕೊಟ್ಟ ಕಟಕ್ ರೊಟ್ಟಿ, ಶೇಂಗಾ ಹಿಂಡಿ ರೂಮಿನ ಡಬ್ಬಿಯಲ್ಲಿ ಉಳಿದಿರುತ್ತದೆ, ನೀವು ಹೊರಗೆ ಮಿರ್ಚಿ ತಿನ್ನುತ್ತಿರುತ್ತೀರಿ! ನಾಲ್ಕು ರೊಟ್ಟಿ, ಹಿಂಡಿ, ಒಂದು ಉಳ್ಳಾಗಡ್ಡಿ ಕಟ್ಟಿಕೊಂಡು ಬನ್ನಿ. ಕೆಡುವುದಿಲ್ಲ, ಚಮಚ ಬೇಡ, ಹತ್ತು ನಿಮಿಷದ ಕೆಲಸ. ಪಾಲಿಕೆಯ ಐದು ರೂಪಾಯಿ ಊಟದ ಕ್ಯಾಂಟೀನ್ ದಾರಿಯಲ್ಲಿ ಸಿಕ್ಕರೆ ನಾಚಿಕೆಪಡದೆ ಉಣ್ಣಿ.

• ಗುಟ್ಕಾ ತಿನ್ನುವವರು ಕನ್ನಡಿ ಮುಂದೆ ನಿಂತು ಬಾಯಿ ತೆರೆದು ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಮೇಲಿನ ಕೆಳಗಿನ ಹಲ್ಲಿನ ನಡುವೆ ಇಡಿ. ಹಿಡಿಸಿದರೆ ಸರಿ. ಎರಡೇ ಬೆರಳು ಹಿಡಿಸಿದರೆ ಗುಟ್ಕಾ ಆಗಲೇ ಒಳಗೆ ಕೆಲಸ ಮಾಡಿದೆ, ಗಲ್ಲದ ಒಳಚರ್ಮ ಬಿಗಿಯುತ್ತಿದೆ. ಬಿಳಿ ಕಲೆ, ಕೆಂಪು ಕಲೆ, ಮೂರು ವಾರವಾದರೂ ಮಾಯದ ಹುಣ್ಣು ಇದ್ದರೆ ಮುಚ್ಚಿಡಬೇಡಿ. ರೆಡ್ ಹಿಲ್ಸಿನಲ್ಲಿ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆ ಇದೆ, ಸರ್ಕಾರದ್ದು. ನಿದ್ದೆ ತಡೆಯಲು ಗುಟ್ಕಾ ಹಿಡಿದೆ ಎಂದು ಹೇಳುವವರೇ ಬಹಳ. ಅದಕ್ಕೇ ನಿದ್ದೆಯ ಮಾತನ್ನು ಮೊದಲು ಬರೆದೆ.

• ಸೊಂಟ, ಬೆನ್ನು. ಎರಡು ತಾಸಿಗೊಮ್ಮೆ ಇಳಿದು ನಿಂತು, ಸೊಂಟಕ್ಕೆ ಕೈಯಿಟ್ಟು ಐದು ಸಲ ಹಿಂದಕ್ಕೆ ಬಾಗಿ. ಹಿಂದಿನ ಪ್ಯಾಂಟ್ ಜೇಬಿನಲ್ಲಿ ಪರ್ಸ್ ಇಟ್ಟು ಓಡಿಸಬೇಡಿ, ಒಂದು ಪಕ್ಕಕ್ಕೆ ವಾಲಿ ಕೂತು ನರ ಒತ್ತುತ್ತದೆ. ಹ್ಯಾಂಡಲನ್ನು ಹಗ್ಗ ಜಗ್ಗಿದ ಹಾಗೆ ಹಿಡಿಯಬೇಡಿ. ರಾತ್ರಿ ಮಲಗಿದಾಗ ಹೆಬ್ಬೆರಳು, ತೋರುಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಮಣಿಕಟ್ಟಿನ ನರ ಒತ್ತುತ್ತಿದೆ ಎಂದು ಅರ್ಥ, ತೋರಿಸಿಕೊಳ್ಳಿ.

• ಕಣ್ಣಿಗೆ ಧೂಳು, ಹೊಗೆ. ಹೆಲ್ಮೆಟಿನ ಗಾಜು ಇಳಿಸಿಯೇ ಓಡಿಸಿ, ಗೆರೆ ಬಿದ್ದ ಗಾಜನ್ನು ಬದಲಿಸಿ. ರಾತ್ರಿ ಎದುರಿನ ಲೈಟಿಗೆ ಅದರಲ್ಲಿ ಏನೂ ಕಾಣುವುದಿಲ್ಲ. ವರ್ಷಕ್ಕೊಮ್ಮೆ ದೃಷ್ಟಿ ಪರೀಕ್ಷೆ ಮಾಡಿಸಿ, ಮೆಹದಿಪಟ್ನಂನ ಸರೋಜಿನಿ ದೇವಿ ಕಣ್ಣಾಸ್ಪತ್ರೆ ಸರ್ಕಾರದ್ದೇ.

• ಮಳೆ ಬಂದಾಗ ಮೊದಲ ಅರ್ಧ ತಾಸು ಬಹಳ ಕೆಟ್ಟದ್ದು. ರಸ್ತೆಯ ಎಣ್ಣೆ, ಧೂಳು ನೀರಿನ ಜೊತೆ ಸೇರಿ ಸಾಬೂನಿನ ಹಾಗಾಗುತ್ತದೆ. ಮ್ಯಾನ್‌ಹೋಲಿನ ಕಬ್ಬಿಣದ ಮುಚ್ಚಳ, ಜೀಬ್ರಾ ಪಟ್ಟಿಯ ಬಣ್ಣ, ಇವುಗಳ ಮೇಲೆ ಬ್ರೇಕ್ ಹಿಡಿಯಬೇಡಿ, ಗಾಡಿ ವಾಲಿಸಬೇಡಿ. ಮಲಕ್‌ಪೇಟೆ ರೈಲ್ವೆ ಸೇತುವೆಯ ಕೆಳಗೆ ನೀರು ನಿಂತಿದೆ ಎಂದರೆ ಬುಕ್ಕಿಂಗ್ ಹೋದರೆ ಹೋಗಲಿ, ಇಳಿಯಬೇಡಿ. ತಳದಲ್ಲಿ ಏನಿದೆ ಎಂದು ಕಾಣದ ನೀರಿಗೆ ಗಾಡಿ ಇಳಿಸಬಾರದು. ಊರ ನಡುವಿನ ಮೂಸಿ ನದಿಯನ್ನೂ ನಂಬಬೇಡಿ: 1908ರ ಸೆಪ್ಟೆಂಬರಿನಲ್ಲಿ ಸಾವಿರಾರು ಜನರನ್ನು ಒಯ್ದದ್ದು ಅದೇ. 2025ರ ಸೆಪ್ಟೆಂಬರಿನಲ್ಲಿ ಮತ್ತೆ ಉಕ್ಕಿ ಎಂಜಿಬಿಎಸ್ ಬಸ್ ನಿಲ್ದಾಣದ ಒಳಗೇ ನೀರು ನುಗ್ಗಿತು. ಮೂಸಾರಾಂಬಾಗ್, ಚಾದರ್‌ಘಾಟ್ ಕಡೆ ಪೊಲೀಸರು ಹಗ್ಗ ಕಟ್ಟಿದ್ದರೆ ಪಕ್ಕದಲ್ಲಿ ನುಸುಳಬೇಡಿ.

• ಹೆಣ್ಣುಮಕ್ಕಳು ಹತ್ತಿದಾಗ ಗಾಡಿ ಹೊರಡಿಸುವ ಮೊದಲು “ಅಮ್ಮಾ, ಸೆರಗು, ದುಪಟ್ಟಾ ನೋಡಿಕೊಳ್ಳಿ” ಎಂದು ಒಂದು ಮಾತು ಹೇಳಿ. ಗಾಲಿಗೆ ಸುತ್ತಿಕೊಂಡರೆ ಕೊರಳಿಗೆ ಬರುತ್ತದೆ. ಹಿಂದಿನ ಗಾಲಿಗೆ ಅಡ್ಡವಾಗಿ ಇರುವ ಜಾಲರಿಯನ್ನು ಚಂದ ಕಾಣಲೆಂದು ಬಿಚ್ಚಿಸಿದ್ದರೆ ಇವತ್ತೇ ಹಾಕಿಸಿ. ಅದೂ, ಹಿಂದೆ ಕೂತವರು ಹಿಡಿಯುವ ಹಿಡಿಕೆಯೂ ಇರಲೇಬೇಕೆಂದು ಕಾನೂನಿದೆ. ಬೇಕೆಂದು ಬ್ರೇಕ್ ಹಿಡಿಯುವುದು, ಕನ್ನಡಿಯನ್ನು ಅವರ ಮುಖಕ್ಕೆ ತಿರುಗಿಸುವುದು ಕೀಳು ಕೆಲಸ. ರಾತ್ರಿ ಇಳಿಸುವಾಗ ಬೆಳಕಿರುವ ಕಡೆ ಇಳಿಸಿ, ಅವರು ಗೇಟು ದಾಟುವ ತನಕ ನಿಲ್ಲಿ.

• ಮೂವತ್ತು ದಾಟಿದವರು ವರ್ಷಕ್ಕೊಮ್ಮೆ ಬಿ.ಪಿ., ಶುಗರ್ ನೋಡಿಸಿ. ನನಗೆ ಶುಗರ್ ಇದೆ ಎಂದು ತಿಳಿದದ್ದು ಕಾಲ ಹೆಬ್ಬೆರಳಿನ ಗಾಯ ಎರಡು ತಿಂಗಳಾದರೂ ಮಾಯದೆ ಇದ್ದಾಗ. ಅದಕ್ಕೂ ಮೊದಲು ಎಷ್ಟು ವರ್ಷ ಇತ್ತೋ. ನಿಮ್ಮ ಹತ್ತಿರದ ಬಸ್ತಿ ದವಾಖಾನೆಯಲ್ಲಿ ಡಾಕ್ಟರು, ಔಷಧ ಎರಡೂ ಪುಕ್ಕಟೆ. ಹಗಲು ಬುಕ್ಕಿಂಗ್ ಕಡಿಮೆ ಇರುವ ಹೊತ್ತಿಗೆ ಹೋಗಿಬನ್ನಿ. ಜ್ವರ ಬಂದರೆ ಮಾತ್ರೆ ನುಂಗಿ ಗಾಡಿ ಹತ್ತಬೇಡಿ. ಕೆಮ್ಮು, ನೆಗಡಿಯ ಎಷ್ಟೋ ಮಾತ್ರೆಗಳು ನಿದ್ದೆ ತರಿಸುತ್ತವೆ. ಮೆಡಿಕಲ್ ಅಂಗಡಿಯಲ್ಲಿ “ನಾನು ಗಾಡಿ ಓಡಿಸ್ತೀನಿ” ಎಂದು ಮೊದಲೇ ಹೇಳಿ.

• ಗಾಡಿಯ ಚಾಕರಿ: ವಾರಕ್ಕೊಮ್ಮೆ ಟೈರ್ ತಣ್ಣಗಿರುವಾಗ ಗಾಳಿ, ಇಬ್ಬರು ಕೂರುವ ಲೆಕ್ಕಕ್ಕೆ. ಸುಮಾರು 500 ಕಿಲೋಮೀಟರಿಗೊಮ್ಮೆ ಚೈನಿಗೆ ಎಣ್ಣೆ. ನೀವು ಓಡಿಸುವ ಓಟಕ್ಕೆ ಅದು ನಾಲ್ಕೈದು ದಿನ ಅಷ್ಟೇ. ಎರಡೂ ಕನ್ನಡಿ ಇರಬೇಕು.

• ರಸ್ತೆಯಲ್ಲಿ ಬಿದ್ದವರನ್ನು ನೋಡಿದರೆ ನಿಲ್ಲಿ. ನೀವು ದಿನವಿಡೀ ರಸ್ತೆಯಲ್ಲೇ ಇರುವವರು, ಆಂಬುಲೆನ್ಸಿಗಿಂತ ಮೊದಲು ತಲುಪುವವರು ನೀವೇ. 108 ಎಂಬ ಆಂಬುಲೆನ್ಸ್ ಸೇವೆ ಶುರುವಾದದ್ದೇ ಈ ಊರಲ್ಲಿ, 2005ರ ಆಗಸ್ಟ್ 15ರಂದು. ಮೊದಲು ಅದಕ್ಕೆ ಫೋನು. ರಕ್ತ ಬರುವಲ್ಲಿ ಶುಭ್ರ ಬಟ್ಟೆ ಇಟ್ಟು ಬಿಗಿಯಾಗಿ ಒತ್ತಿ ಹಿಡಿಯಿರಿ, ತೆಗೆದು ತೆಗೆದು ನೋಡಬೇಡಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಉಸಿರಾಡುತ್ತಿದ್ದರೆ ಹೆಲ್ಮೆಟ್ ಎಳೆದು ತೆಗೆಯಬೇಡಿ, ಕೈಕಾಲು ಹಿಡಿದು ಮೂಟೆಯ ಹಾಗೆ ಎತ್ತಬೇಡಿ. ಕುತ್ತಿಗೆಯ ಎಲುಬು ಮುರಿದಿದ್ದರೆ ಹಾಗೆ ಎತ್ತಿದ್ದಕ್ಕೇ ಜೀವನಪೂರ್ತಿ ಹಾಸಿಗೆ ಹಿಡಿಯಬೇಕಾಗಬಹುದು.

ಪೊಲೀಸ್ ಕೇಸಿಗೆ ಹೆದರಿ ಜನ ಮುಂದೆ ಹೋಗಿಬಿಡುತ್ತಾರೆ. ನಮ್ಮ ಕಾಲದಲ್ಲಿ ಆ ಹೆದರಿಕೆಗೆ ಕಾರಣವೂ ಇತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಕಲಮು ಸೇರಿಸಿ ಸಹಾಯ ಮಾಡಿದವರಿಗೆ ರಕ್ಷಣೆ ಕೊಟ್ಟಿದ್ದಾರೆ. ಹೆಸರು ಹೇಳಲೇಬೇಕೆಂದು ಯಾರೂ ಒತ್ತಾಯ ಮಾಡುವಂತಿಲ್ಲ. ಪೆಟ್ಟಾದ ಮೇಲಿನ ಮೊದಲ ಒಂದು ತಾಸು ಜೀವ ಉಳಿಸುವ ತಾಸು ಎಂದು ಆ ಕಾಯ್ದೆಯೇ ಹೇಳುತ್ತದೆ.

• ರೊಕ್ಕದ ಮಾತು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, ಒಂದೆರಡು ಚಾದ ರೊಕ್ಕ. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ಒಂದು ಕೈ, ಕಾಲು ಅಥವಾ ಕಣ್ಣು ಪೂರ್ತಿ ಹೋದರೆ 1 ಲಕ್ಷ. ಮೇ ತಿಂಗಳ ಕೊನೆಗೆ ಬ್ಯಾಂಕ್ ಖಾತೆಯಲ್ಲಿ ಆ ಇಪ್ಪತ್ತು ರೂಪಾಯಿ ಇರಬೇಕು, ಇಲ್ಲದಿದ್ದರೆ ಪಾಲಿಸಿ ತಪ್ಪಿಹೋಗುತ್ತದೆ. ಇ-ಶ್ರಮ್ ನೋಂದಣಿ ಮಾಡಿಸಿಕೊಳ್ಳಿ. 2023ರ ಡಿಸೆಂಬರಿನಲ್ಲಿ ತೆಲಂಗಾಣ ಸರ್ಕಾರ ನಿಮ್ಮಂಥ ಗಿಗ್ ಕಾರ್ಮಿಕರಿಗೆ 5 ಲಕ್ಷ ರೂಪಾಯಿಯ ಅಪಘಾತ ವಿಮೆ ಘೋಷಿಸಿತು. ಇಂಥವು ಕೈಗೆ ಸಿಗಬೇಕಾದರೆ ನೀವು ಈ ಕೆಲಸದಲ್ಲಿದ್ದಿರಿ ಎಂಬುದಕ್ಕೆ ಪುರಾವೆ ಬೇಕು. ನೀವೇ ಆಸ್ಪತ್ರೆಯಲ್ಲಿದ್ದಾಗ ಒಡೆದ ಫೋನಿನೊಳಗಿಂದ ಅದನ್ನು ಯಾರು ತೆಗೆಯುತ್ತಾರೆ? ಆಪ್‌ನಲ್ಲಿರುವ ನಿಮ್ಮ ಐಡಿ, ವಾರದ ಗಳಿಕೆಯ ಪುಟ, ಇವುಗಳ ಸ್ಕ್ರೀನ್‌ಶಾಟ್ ತೆಗೆದು ಊರಲ್ಲಿರುವ ಅಣ್ಣನಿಗೋ ಹೆಂಡತಿಗೋ ಕಳಿಸಿಡಿ. ಗಾಡಿಯ ಇನ್ಶುರೆನ್ಸ್ ಕಾಗದ ತೆಗೆದು, ಬಾಡಿಗೆಗೆ ಓಡಿಸಿದಾಗ ಕ್ಲೇಮ್ ಕೊಡುತ್ತೀರಾ ಎಂದು ಬರಹದಲ್ಲೇ ಕೇಳಿ.

• ಫೋನಿನ ಕವರಿನೊಳಗೆ ಒಂದು ಚೀಟಿ ಇರಲಿ: ನಿಮ್ಮ ಹೆಸರು, ರಕ್ತದ ಗುಂಪು, ಮನೆಯವರ ನಂಬರು, ಯಾವುದಾದರೂ ಔಷಧ ಒಗ್ಗದಿದ್ದರೆ ಅದು. ಕನ್ನಡದಲ್ಲಿ ಮಾತ್ರ ಬರೆದರೆ ಇಲ್ಲಿ ಓದುವವರು ಸಿಗದೆ ಹೋಗಬಹುದು, ಇಂಗ್ಲಿಷಿನಲ್ಲೂ ಬರೆಯಿರಿ.

ಕಾಲರ್ ಬೋನ್ ಮುರಿದುಕೊಂಡ ಹುಡುಗ ಇನ್ನೂ ಆರು ವಾರ ಗಾಡಿ ಮುಟ್ಟುವಂತಿಲ್ಲ. ಅವನ ರೂಮಿನವರು ದಿನಕ್ಕೊಬ್ಬರಂತೆ ಒಂದೊಂದು ಟ್ರಿಪ್ಪಿನ ರೊಕ್ಕ ಅವನ ಪಾಲಿಗೆ ಎತ್ತಿಡುತ್ತಿದ್ದಾರೆ. ಅವನ ಹೆಲ್ಮೆಟ್ ಒಡೆದಿದೆ, ಹೊಸದು ನಾನು ಕೊಡಿಸುತ್ತೇನೆ ಎಂದಿದ್ದೇನೆ. ಹುಬ್ಬಿನ ಮೇಲಿನಿಂದ ತಲೆಯ ಸುತ್ತ ಅಳತೆ ತೆಗೆದು, ಎಷ್ಟು ಮಿಲಿಮೀಟರ್ ಬರುತ್ತದೋ ಅಷ್ಟೇ ಸೈಜಿನದು ತರಬೇಕು. ದೊಡ್ಡದಾದರೆ ಅಲುಗಾಡುತ್ತದೆ. ನಿಮ್ಮಲ್ಲಿ ಯಾರದ್ದು ಸಡಿಲವಾಗಿದೆಯೋ ಅವರೂ ಬನ್ನಿ. ಭಾನುವಾರ ಬೆಳಿಗ್ಗೆ ಹತ್ತರ ತನಕ ಮನೆಯಲ್ಲೇ ಇರುತ್ತೇನೆ. ದರ್ಜಿಯ ಟೇಪು ತೆಗೆದಿಟ್ಟಿದ್ದೇನೆ.